ಹಿಂದಕ್ಕೆ ಹೊರಳಿದ ಮುಳ್ಳು

ಸತ್ತ ತಮ್ಮನ ಸೆಟೆದ ಬಲಗೈ ಕೋಟಿನ ತೋಳಿನೊಳಗೆ ಹೋಗಲೊಲ್ಲದು. ಒಟಿಲಿಯ ಕೊನೆಗೆ ಬೆನ್ನಿನ ಹೊಲಿಗೆಯನ್ನೇ ಬಿಚ್ಚಿದಳು.

"ಆಸಿಡ್ಡು ತಿಂದ ಬೆರಳು. ಕೈಗವಸು ಹಾಕೋಣ್ವಾ ಅಕ್ಕ?" ಪಕ್ಕದ ಮನೆಯ ಸೀವರ್ಸಮ್ಮ ಕೇಳಿದಳು.

"ಬೇಡ. ಅವನು ಸಂಪಾದಿಸಿದ್ದು ಅದೊಂದೇ."

ಹಜಾರದಲ್ಲಿ ಅವನು ಪಾಠ ಹೇಳುತ್ತಿದ್ದ ಶಾಲೆಯ ಮೇಷ್ಟ್ರುಗಳು ಕಾಫಿ ಕುಡಿಯುತ್ತಿದ್ದರು. "ಇಪ್ಪತ್ತು ವರ್ಷ ನೀರಲ್ಲಿ ಗುಳ್ಳೆ ಎಬ್ಬಿಸಿದ್ನಪ್ಪಾ ನಮ್ಮ ಲೆಬೆರೆಖ್ಟ್!" ಎಂದ ಒಬ್ಬ.

"ಎಬ್ಬಿಸೋದು ಎಲ್ಲರೂ ಎಬ್ಬಿಸ್ತೀವಿ. ಇವನು ಅಳೆದ, ಅಷ್ಟೇ," ಎಂದ ಇನ್ನೊಬ್ಬ.

*

ಅಡುಗೆಮನೆಯ ಹಿಂದಿನ ಕೋಣೆಯೇ ಲೆಬೆರೆಖ್ಟನ ಪ್ರಯೋಗಶಾಲೆ. ಆಸಿಡ್ಡು ಬೆರೆತ ನೀರಲ್ಲಿ ಎರಡು ಪ್ಲಾಟಿನಂ ತಗಡು ಮುಳುಗಿಸಿ ಬ್ಯಾಟರಿಯ ವಿದ್ಯುತ್ ಹರಿಸುವನು. ತಗಡಿನ ಮೈಗೆಲ್ಲ ಗುಳ್ಳೆ ಅಂಟುವುದು. ಬ್ಯಾಟರಿ ಕಳಚಿದೊಡನೆ ಆ ತಗಡುಗಳೇ ವಿದ್ಯುತ್ತನ್ನು ಹಿಂದಕ್ಕೆ ನೂಕುವುವು. ಅಳತೆಯ ಮುಳ್ಳು ಎದುರು ದಿಕ್ಕಿಗೆ ಹೊರಳುವುದು, ಒಂದೇ ಗಳಿಗೆ. ಕಳಚುವವನು ಅವನು, ಮುಳ್ಳು ನೋಡಿ ಹೇಳುವವಳು ಅಕ್ಕ.

"ಎಷ್ಟು, ಒಟಿ?"

"ಹದಿನೇಳೂವರೆ."

ಪ್ರಯೋಗ ಶುರುವಾಗಿ ಹನ್ನೆರಡು ವರ್ಷಕ್ಕೆ ಅವಳ ಕಣ್ಣಿಗೆ ಪೊರೆ ಬಂತು. ಹೇಳಿಬಿಟ್ಟರೆ ಆ ಕೋಣೆಯಲ್ಲಿ ತನಗೇನು ಕೆಲಸ? ಅವನು ಯಾವ ಅಂಕಿಗೆ ಕಾಯುತ್ತಿದ್ದಾನೆಂಬುದು ಅವನ ಉಸಿರಲ್ಲೇ ತಿಳಿಯುತ್ತಿತ್ತು. ಅದನ್ನೇ ಹೇಳಿದಳು. ಎಂಟು ವರ್ಷ ಹೇಳಿದಳು. "ನನ್ನ ನಿಯಮ ಸಾಬೀತಾಯ್ತು ಕಣೇ!" ಎಂದು ಅವನು ಕುಣಿದಾಗ ಅವಳೂ ನಕ್ಕಳು.

ವಿದ್ವಾಂಸರ ಸಭೆ ಅವನ ಲೇಖನವನ್ನು ಹಿಂದಕ್ಕೆ ಕಳಿಸಿತು. ಈ ಅಂಕಿಗಳು ಬೇರೆ ಯಾರಿಗೂ ಸಿಗುತ್ತಿಲ್ಲವಂತೆ. ಆ ಚಳಿಗಾಲ ಲೆಬೆರೆಖ್ಟ್ ಉಣ್ಣುವುದನ್ನೇ ಬಿಟ್ಟು ಕಡ್ಡಿಯಾದ.

*

ಅಂತ್ಯಕ್ರಿಯೆಗೆ ಬಂದಿದ್ದ ವಿಶ್ವವಿದ್ಯಾಲಯದ ಪ್ರೊಫೆಸರ್ ಕ್ರುಂಬ್‌ಹೋಲ್ಟ್ಸ್ ಟೋಪಿ ತೆಗೆದು ಅವಳ ಬಳಿ ಬಂದು ಕೂತ.

"ಅವನ ಪ್ರಯೋಗ ನಾನೂ ಮಾಡಿ ನೋಡಿದೆ ಅಮ್ಮ. ಮೊದಲ ಹನ್ನೆರಡು ವರ್ಷದ್ದು ಅಪ್ಪಟ ಚಿನ್ನ. ಆಮೇಲಿನದು ನಿಜವಿರಲಾರದಷ್ಟು ಚೆಂದ. ಅದಕ್ಕೇ ಈಗ ಯಾರೂ ಯಾವುದನ್ನೂ ನಂಬ್ತಿಲ್ಲ."

ಒಟಿಲಿಯ ಅವನ ತೋಳು ಹಿಡಿದಳು. "ಸುಳ್ಳು ಹೇಳಿದ್ದು ನಾನು. ನನಗೆ ಮುಳ್ಳೇ ಕಾಣ್ತಿರಲಿಲ್ಲ. ಬರ್ಕೊಳ್ಳಿ. ಅವನು ನಾ ಹೇಳಿದ್ದನ್ನ ಬರೆದ, ಅಷ್ಟೇ."

ಅವನು ಅವಳ ಕೈ ತಟ್ಟಿದ. "ಒಡಹುಟ್ಟಿದವರು ಅಂದ್ರೆ ಹೀಗಿರಬೇಕು. ಸತ್ತವನ ತಪ್ಪನ್ನ ಮೈಮೇಲೆ ಎಳ್ಕೊಳ್ತೀರಿ."

"ಅಯ್ಯೋ, ದೇವರಾಣೆ ಸ್ವಾಮಿ!"

"ಆಯ್ತಮ್ಮ. ಯಾರಿಗೂ ಹೇಳಲ್ಲ ನಾನು."

ಅವಳು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಇಗರ್ಜಿಯ ಗಂಟೆ ಹೊಡೆಯಿತು. ಶವಪೆಟ್ಟಿಗೆಗೆ ಕೈಹಾಕಿದ ನಾಲ್ವರೂ ಭಾರವಿದ್ದೀತೆಂದು ಉಸಿರುಕಟ್ಟಿ ಎತ್ತಿದರು. ಅದು ಒಮ್ಮೆಲೇ ಮೇಲೆದ್ದು ಬಾಗಿಲ ಚೌಕಟ್ಟಿಗೆ ಬಡಿಯಿತು.