ಹಾಲು ಅಳೆಯುವವನ ತೋಳಿನ ಪಟ್ಟಿ

ಡೈರಿಯಲ್ಲಿ ಹಾಲು ಪರೀಕ್ಷಿಸಿ ಅಳೆದುಕೊಳ್ಳುವುದು ಅವನ ಕೆಲಸ. ಸ್ಯಾಂಪಲ್ಲಿಗೆ ಪಕ್ಕದ ಮನೆಯ ಗಟ್ಟಿ ಹಾಲು ತಂದು, ಕ್ಯಾನಿಗೆ ತಮ್ಮ ನೀರು ಹಾಲು ಸುರಿಯುವವರನ್ನು ಮುಖ ನೋಡಿಯೇ ಹಿಡಿಯುತ್ತಿದ್ದ. ಹಿಡಿದು ಹಿಡಿದು ಆ ವಿದ್ಯೆ ಅವನಿಗೂ ಕರಗತವಾಗಿತ್ತು.

ಅವನಿಗೆ ಸಕ್ಕರೆ ಕಾಯಿಲೆ ಅಂಟಿಕೊಂಡು ವರ್ಷ ಕಳೆದಿತ್ತು. ಆರೋಗ್ಯ ಕೇಂದ್ರದ ನರ್ಸಮ್ಮ, ಹೊಸದಾಗಿ ಬಂದಿದ್ದ, ಸಕ್ಕರೆ ತೋರಿಸುವ ಪಟ್ಟಿಯೊಂದನ್ನು ಕೈಗಿತ್ತಳು.

"ಊಟ ಆದ್ಮೇಲೆ ಅರ್ಧ ಗಂಟೆ ತೋಳಿಗೆ ಅಂಟಿಸ್ಕೊಳ್ಳಿ, ಸಂಜೆ ಬಂದು ತೋರ್ಸಿ. ಒಳಗೆ ಚಿನ್ನದ ನ್ಯಾನೋ ಕಣ ಇವೆ, ಕಣ್ಣಿಗೆ ಕಾಣಲ್ಲ. ಬಿಡಿಬಿಡಿಯಾಗಿದ್ರೆ ಕೆಂಪು. ಸಕ್ಕರೆ ಜಾಸ್ತಿ ಇದ್ರೆ ಒಂದಕ್ಕೊಂದು ಅಂಟ್ಕೊಂಡು ನೀಲಿ ಆಗ್ತವೆ. ನೀಲಿ ಆದ್ರೆ ಮಾತ್ರೆ ಸಾಲದು, ದಿನಾ ಇನ್ಸುಲಿನ್ ಸೂಜಿ."

"ಚಿನ್ನಾನಾ?" ಅಂದಳು ಜೊತೆಗೆ ಬಂದಿದ್ದ ಹೆಂಡತಿ. "ನನಗೆ ಮಾಡಿಸ್ತೀನಿ ಅಂತಿದ್ದೋರು ತಾವೇ ಹಾಕ್ಕೊಂಡ್ರು ನೋಡಿ."

ಸೂಜಿ ಎಂದರೆ ಅವನಿಗೆ ಜೀವ ಹೋಗುತ್ತಿತ್ತು. ಹಸುವಿಗೆ ಚುಚ್ಚುವಾಗಲೂ ಗೋಡೆಯ ಕಡೆ ತಿರುಗಿ ನಿಲ್ಲುವ ಆಸಾಮಿ.

ಮಧ್ಯಾಹ್ನ ಉಂಡು ಹೆಂಡತಿ ಚಾಪೆಯ ಮೇಲೆ ಉರುಳಿದಳು. ಈಚೆಗೆ ಅವಳಿಗೆ ಹಗಲು ನಿದ್ದೆ ಜಾಸ್ತಿ. ತಲೆ ಇಟ್ಟರೆ ಕಲ್ಲು. ಅವನು ಪಟ್ಟಿಯನ್ನು ಮೆಲ್ಲಗೆ ಅವಳ ತೋಳಿಗೆ ಅಂಟಿಸಿ, ಗೋಡೆಗೊರಗಿ ಕೂತ. ಅವಳದು ಗಟ್ಟಿ ಹಾಲು, ಅನುಮಾನವೇ ಇಲ್ಲ.

ಬಿಡಿಸಿದಾಗ ಪಟ್ಟಿ ನೀಲಿಯಾಗಿತ್ತು.

ಒಡೆದ ಹಾಲನ್ನು ನೋಡುವಂತೆ ಅದನ್ನು ನೋಡಿದ. ಬೆಳಕಿಗೆ ಹಿಡಿದ. ಮೂಸಿಯೂ ನೋಡಿದ. ಚಾಪೆಯ ಪಕ್ಕದಲ್ಲಿ ನೀರಿನ ಚೊಂಬು ಬರಿದಾಗಿತ್ತು. ಊಟಕ್ಕೆ ಮುಂಚೆ ಅವನೇ ತುಂಬಿಟ್ಟಿದ್ದು.

ಇದ್ದದ್ದು ಅದೊಂದೇ ಪಟ್ಟಿ; ಅದನ್ನೇ ತನ್ನ ತೋಳಿಗೆ ಅಂಟಿಸಿಕೊಂಡು, ಸಂಜೆ ಹೆಂಡತಿಯನ್ನೂ ಕರೆದುಕೊಂಡು ಆರೋಗ್ಯ ಕೇಂದ್ರಕ್ಕೆ ಹೋದ. ಅವನ ತೋಳಿನ ಮೇಲಿದ್ದ ಪಟ್ಟಿಯನ್ನು ಕಂಡು ನರ್ಸಮ್ಮ, "ಸೂಜಿನೇ ಗತಿ," ಅಂದಳು.

ತೆಪ್ಪಗಿದ್ದರೆ ಮಾನ ಉಳಿಯುತ್ತಿತ್ತು. ಆದರೆ ಸೂಜಿ ಅವನಿಗೆ ಬೀಳುತ್ತಿತ್ತು, ಕಾಯಿಲೆ ಅವಳಲ್ಲೇ ಉಳಿಯುತ್ತಿತ್ತು.

"ಅದು ನನ್ನ ಸ್ಯಾಂಪಲ್ ಅಲ್ಲ."

"ಮತ್ಯಾರದು?"

ಅವನು ಹೆಂಡತಿಯ ಕಡೆ ಬೆರಳು ತೋರಿಸಿದ. ಅವಳು ನಿದ್ದೆ ಹೋಗಿದ್ದಾಗ ಅಂಟಿಸಿದ್ದನ್ನೂ ಹೇಳಿದ.

"ಊರೋರ್ನೆಲ್ಲ ಕಳ್ಳರು ಅಂತ ಉಗೀತೀರಲ್ಲ," ಅಂದಳು ಹೆಂಡತಿ. "ಮನೇಲೇ ಈ ಕಸುಬಾ?"

ನರ್ಸಮ್ಮ ಇಬ್ಬರ ಬೆರಳಿನ ರಕ್ತವನ್ನೂ ನೋಡಿದಳು. ಅವನು ಗೋಡೆಯ ಕಡೆ ತಿರುಗಿದ್ದ. ಅವನ ಸಕ್ಕರೆ ಹದದಲ್ಲಿತ್ತು. ಅವಳದು ಮಿತಿಮೀರಿತ್ತು.

"ಸಿಹಿ ತಿಂತೀರಾ ಅಮ್ಮ?"

"ಇವರಿಗೆ ಬೇಡ ಅಂತ ಎತ್ತಿಟ್ಟಿದ್ದೆಲ್ಲ ನಾನೇ ತಿಂದೆ. ಬಿಸಾಕೋಕಾಗುತ್ತಾ?" ಅವಳು ಸೆರಗಿನಿಂದ ಬೆರಳು ಒರೆಸಿಕೊಂಡಳು. "ಇವರ ಪಾಲಿನ ಸಿಹಿ ಆಯ್ತು. ಇವರ ಪಾಲಿನ ಸೂಜಿನೂ ಈಗ ನನಗೇ."

ಡಾಕ್ಟರು ಬಂದು ನೋಡಿ, ಕೆಲವು ದಿನ ಇನ್ಸುಲಿನ್ ಬೇಕೇ ಬೇಕು ಎಂದು ಬರೆದುಕೊಟ್ಟರು. ಮನೆಯಲ್ಲಿ ಚುಚ್ಚಲು ಯಾರಾದರೂ ಕಲಿಯಬೇಕಿತ್ತು. ನರ್ಸಮ್ಮ ಇಬ್ಬರನ್ನೂ ನೋಡಿದಳು.

ಅವನು ಗೋಡೆಯಿಂದ ಈಚೆ ತಿರುಗಿದ. "ಕೊಡಿ," ಎಂದು ಕೈ ಚಾಚಿದ.

ಹೆಂಡತಿ ತೋಳು ಮುಂದಿಟ್ಟಳು.

"ಕಣ್ಣು ಬಿಟ್ಕೊಂಡು ಚುಚ್ಚಿ," ಅಂದಳು. "ತೋಳು ಯಾರದು ಅಂತ ಮೊದ್ಲು ನೋಡ್ಕೊಳ್ಳಿ."