ಟ್ಯೂಬ್‌ಲೈಟಿಗೆ ನಕ್ಕ ಕೂಸು

“ರುಕ್ಮಿಣಕ್ಕ, ಇವತ್ತೂ ಇದೇ ಗಿಳಿಹಸಿರು ಇಳಕಲ್ ಸೀರೆಯಾ? ಕೋಲ್ಕತ್ತಾದಲ್ಲಿ ಬೇರೆ ಸೀರೆ ಸಿಗುವುದಿಲ್ವಾ ಮಾರಾಯ್ರೆ?”

ಹೀಗೆ ನಗುತ್ತಲೇ ಗುಲಾಬಿ ಬಾಗಿಲು ತೆರೆದಳು. ಅವಳು ನಮ್ಮ ಮೇಲಿನ ಮನೆಯವಳು, ಉಡುಪಿ ಕಡೆಯವಳು. ಗಂಡ ನಿತ್ಯಾನಂದ ಬ್ಯಾಂಕಿನಲ್ಲಿದ್ದಾನೆ. ಅವಳದು ಸೆಕ್ಟರ್ ಫೈವ್‌ನಲ್ಲಿ ಕಂಪ್ಯೂಟರ್ ಕೆಲಸ, ಆಗ ಬಾಣಂತಿ ರಜೆಯಲ್ಲಿದ್ದಳು. ನಾವು ಧಾರವಾಡದವರು, ನನ್ನ ಗಂಡ ನರಹರಿ ರೈಲ್ವೆ ನೌಕರ. ಕಾಳಿಘಾಟಿನ ಈ ಹಳೆಯ ಕಟ್ಟಡದಲ್ಲಿ ಕನ್ನಡ ಮಾತಾಡುವುದು ನಮ್ಮ ಎರಡೇ ಸಂಸಾರ.

ನಾನು ಒಳಗೆ ಬಂದೆ. ಅವಳು ತನ್ನ ಎರಡು ತಿಂಗಳ ಮಗು ವೈಭವ್‌ನನ್ನು ತೊಡೆಯ ಮೇಲೆ ಹಾಕಿಕೊಂಡು ಮತ್ತೆ ಕಂಪ್ಯೂಟರ್ ಮುಂದೆ ಕೂತಳು. ಪರದೆಯಲ್ಲಿ, ಉಡುಪಿಯ ಸೈಬರ್ ಕೆಫೆಯಲ್ಲಿ ಕೂತ ಅಜ್ಜಿ ಕೈಬೀಸುತ್ತಿದ್ದರು.

“ನೋಡಿ ಅಕ್ಕ, ಅಜ್ಜಿಯನ್ನು ಕಂಡ ಕೂಡಲೇ ಹೇಗೆ ನಗ್ತಾನೆ! ಇಷ್ಟು ಬೇಗ ಗುರ್ತ ಹಿಡೀತಾನೆ.”

ಅಷ್ಟರಲ್ಲಿ ಲೈನ್ ಕಡಿಯಿತು. ಅಜ್ಜಿಯ ಮುಖ ಹೋಗಿ ಪರದೆಯಲ್ಲಿ ಬರೀ ಬೆಳಕು ಉಳಿಯಿತು. ಮಗು ಅದನ್ನೇ ನೋಡಿ ಹಾಗೇ ನಗುತ್ತಿತ್ತು.

“ಗುಲಾಬಿ, ಅಜ್ಜಿ ಹೋದರಲ್ಲ. ಕೂಸು ಯಾರನ್ನ ನೋಡಿ ನಗಾಕತ್ತದ?”

“ಮಗು ಅಲ್ವಾ ಅಕ್ಕ, ದೇವರು ಆಡಿಸ್ತಾರೆ.”

ಆ ಮಾತು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ನಮ್ಮ ಕಡೆ ಅದನ್ನೇ ‘ಸೆಟವಿ ತಾಯಿ ಆಡಿಸ್ತಾಳ’ ಅನ್ನುತ್ತಾರೆ. ಐದನೆಯ ದಿನ ಹಣೆಬರಹ ಬರೆಯಲು ಬರುವ ತಾಯಿ ಆಮೇಲೂ ಬಂದು ಕೂಸನ್ನು ನಗಿಸುತ್ತಾಳಂತೆ. ಆರು ವರ್ಷದ ಹಿಂದೆ ನನ್ನ ಮಗಳು ಶ್ರೀರಕ್ಷಾ ಹಗಲೆಲ್ಲ ಟ್ಯೂಬ್‌ಲೈಟ್ ನೋಡಿ ನಗುತ್ತಿದ್ದಳು. ನನ್ನ ಮುಖ ನೋಡಿ ಒಮ್ಮೆಯೂ ನಗಲಿಲ್ಲ. ನಾನು ಮಾತಾಡಿದರೆ ದನಿಗೆ ನಗುತ್ತಿದ್ದಳು, ಅಷ್ಟೇ. “ಸೆಟವಿ ಬಂದಾಳ, ಕೂಸಿನ ಮುಂದ ಅಡ್ಡ ನಿಲ್ಲಬ್ಯಾಡ” ಎಂದು ಅತ್ತೆ ನನ್ನನ್ನೇ ಆಚೆ ಸರಿಸುತ್ತಿದ್ದರು. ನಾನು ಸರಿಯುತ್ತಿದ್ದೆ. ಓದಿದವಳು ನಾನು, ಬಿ.ಎ. ಪಾಸಾದವಳು! ಅಷ್ಟು ಓದಿಯೂ ಸರಿದು ನಿಂತೆ.

ಮಗಳ ಕಣ್ಣಿನ ಕಪ್ಪಿನ ನಡುವೆ ಬೆಳ್ಳಗೆ ಕಂಡಿತು. “ಹಾಲು ಕುಡಿಯೋ ಕೂಸಿನ ಕಣ್ಣಾಗ ಹಾಲಿನ ಛಾಯೆ ಇರತದ” ಅಂದರು ಅತ್ತೆ. ಹೆಸರಿಡುವ ದಿನದ ಫೋಟೋದಲ್ಲಿ ಎರಡು ಕಣ್ಣೂ ಬಿಳಿಚುಕ್ಕೆ. ಸ್ಟುಡಿಯೋದವನು ಫೋಟೋ ಕೆಟ್ಟಿತೆಂದು ಸಣ್ಣ ಕುಂಚದಲ್ಲಿ ಕಪ್ಪು ಬಣ್ಣ ತುಂಬಿ ಕೊಟ್ಟ. ನಾವು ಚೆಂದ ಮಾಡಿದ ಎಂದು ಹೊಗಳಿ ಚೌಕಟ್ಟು ಹಾಕಿಸಿದೆವು. ಆ ಫೋಟೋ ಇನ್ನೂ ಗೋಡೆಯ ಮೇಲಿದೆ. ನರಹರಿ ತೆಗೆ ಅಂದರೂ ನಾನು ತೆಗೆದಿಲ್ಲ.

ಕಣ್ಣಿನ ಡಾಕ್ಟರ ಹತ್ತಿರ ಹೋದಾಗ ಮಗಳಿಗೆ ಹನ್ನೊಂದು ತಿಂಗಳು. ಹುಟ್ಟಿನಿಂದಲೇ ಪೊರೆ ಇತ್ತು.

ಇದನ್ನೆಲ್ಲ ಗುಲಾಬಿಗೆ ಹೇಳಿದೆ. ಅವಳ ಮುಖ ಗಂಟಾಯಿತು.

“ನಿಮ್ಮ ಮಗುವಿಗೆ ಆಯ್ತು ಅಂತ ನಮ್ಮ ಮಗುವಿಗೂ ಆಗ್ಬೇಕಾ? ಅಪಶಕುನ ಮಾತಾಡ್ಬೇಡಿ ಅಕ್ಕ. ಮತ್ತೆ ರಕ್ಷಾಳಿಗೆ ಆಪರೇಷನ್ ಆಗಿ ಈಗ ಎಲ್ಲ ಕಾಣ್ತದಲ್ಲ? ಕನ್ನಡಕ ಹಾಕ್ಕೊಂಡು ಪುಸ್ತಕ ಓದ್ತಾಳಲ್ಲ?”

“ಓದತಾಳ. ಬಸ್ ನಂಬರೂ ಓದತಾಳ. ಮುಖ ಓದಾಕ ಬರೂದಿಲ್ಲ.”

“ಹಾಗಂದ್ರೆ ಎಂತ?”

“ಕೂಸು ಹುಟ್ಟಿದ ದಿನದಿಂದ ಮುಖ ಹುಡುಕತದವಾ. ಎರಡು ತಿಂಗಳಿಗೆ ಮುಖ ನೋಡಿ ನಗತದ. ಮೂರ್ನಾಲ್ಕು ತಿಂಗಳಿಗೆ ಅವ್ವನ ಮುಖ ಬ್ಯಾರೆ, ಮಂದಿ ಮುಖ ಬ್ಯಾರೆ ಅಂತ ಚಲೋತ್ನಾಗ ತಿಳೀತದ. ಏಳೆಂಟು ತಿಂಗಳಿಗೆ ಹೊಸಬರನ್ನ ಕಂಡು ಅಳತದ. ಆ ಮೊದಲಿನ ತಿಂಗಳೊಳಗ ಕಣ್ಣಿಗೆ ಪರದೆ ಬಿದ್ದಿದ್ದರ, ಮಿದುಳು ಆ ಪಾಠ ಕಲಿಯೂದ ಇಲ್ಲ. ಆಮ್ಯಾಲೆ ಪರದೆ ತಗದರೂ ಪೂರಾ ಬರೂದಿಲ್ಲ ಅಂತ ಡಾಕ್ಟರು ಹೇಳ್ಯಾರ.”

ನಾನು ನನ್ನ ಸೆರಗು ಹಿಡಿದು ತೋರಿಸಿದೆ.

“ಇಳಕಲ್ ಸೀರೆ ಯಾಕಂತ ಕೇಳಿದೆಲ್ಲ? ಹೋದ ವರ್ಷ ದುರ್ಗಾಪೂಜೆ ಅಷ್ಟಮಿ ದಿನ ನಾನೂ ಆಸೆಪಟ್ಟು ಕೆಂಪಂಚಿನ ಬಿಳಿ ಸೀರೆ ಉಟ್ಟೆ. ಪೆಂಡಾಲಿನಾಗ ಇದ್ದ ಹೆಂಗಸರೆಲ್ಲ ಅದನ್ನ ಉಟ್ಟಿದ್ರು. ನನ್ನ ಮಗಳು ಯಾರದೋ ಕೈ ಹಿಡಕೊಂಡು ಹೋಗಿಬಿಟ್ಟಳು. ಎರಡು ತಾಸು ಹುಡುಕಿದ್ವಿ. ಅವತ್ತಿಂದ ಅಕಿಗೆ ಗುರ್ತು ಸಿಗಲಿ ಅಂತ ಈ ಬಣ್ಣ ಉಡತೀನಿ. ನನ್ನ ಮಗಳಿಗೆ ನಾ ಅಂದ್ರ ಈ ಸೀರಿ, ಗುಲಾಬಿ.”

ಗುಲಾಬಿ ಮಗುವನ್ನು ಎದೆಗೆ ಒತ್ತಿಕೊಂಡಳು. ಆದರೂ, “ನಮ್ಮ ಇವನು ನೋಡ್ತಾನೆ ಅಕ್ಕ” ಅಂದಳು.

“ಹಂಗಾರ ಈಗ ನೋಡೂಣು. ಕೈಯಾಗಿನ ಬಳಿ ತಗಿ, ಮಾತಾಡಬ್ಯಾಡ. ಸಪ್ಪಳಕ್ಕ ಕೂಸು ತಿರುಗಬಾರದು.”

ಕಂಪ್ಯೂಟರ್ ಆರಿಸಿದೆವು. ಕಿಟಕಿಗೆ ಬೆನ್ನು ಮಾಡಿ ಕೂರಬೇಡ ಎಂದು, ಕಿಟಕಿ ಪಕ್ಕಕ್ಕೆ ಬರುವಂತೆ ಅವಳನ್ನು ತಿರುಗಿಸಿ ಕೂರಿಸಿದೆ. ಅವಳು ಮಗುವಿನಿಂದ ಒಂದೂವರೆ ಗೇಣು ದೂರಕ್ಕೆ ಮುಖ ತಂದಳು, ನಿಧಾನವಾಗಿ ಆಚೆ ಈಚೆ ಸರಿಸಿದಳು. ಮಗು ಅವಳನ್ನು ನೋಡಲಿಲ್ಲ. ಕಿಟಕಿಯ ಕಡೆಗೇ ತಿರುಗಿತು. ಮತ್ತೆ ಮಾಡಿದಳು, ಮತ್ತೆ ಹಾಗೇ. ಕೊನೆಗೆ ತಡೆಯಲಾರದೆ “ವೈಭೂ” ಅಂದಳು. ದನಿ ಕೇಳಿದ್ದೇ ಮಗು ಗಾಳಿಗೆ ನಕ್ಕಿತು.

“ಫೋಟೋ ಅದಾವೇನು? ಫ್ಲಾಶ್ ಹಾಕಿ ತಗದದ್ದು?”

ತೊಟ್ಟಿಲಿಗೆ ಹಾಕಿದ ದಿನದ ಫೋಟೋ ತಂದಳು. ಫ್ಲಾಶಿಗೆ ಕಣ್ಣು ಕೆಂಪಾಗಿ ಬಂದರೆ ಹೆದರಬೇಕಿಲ್ಲ. ವೈಭವ್‌ನ ಕಣ್ಣು ಬಿಳಿಯಾಗಿತ್ತು.

“ಕ್ಯಾಮರಾ ಸರಿ ಇಲ್ಲ ಅಂತ ನಿತ್ಯಾನಂದ ಹೇಳಿದ್ರು” ಎಂದು ಗುಲಾಬಿ ನೆಲದ ಮೇಲೆ ಕೂತು ಅತ್ತುಬಿಟ್ಟಳು.

“ಅಳೂದು ಆಮ್ಯಾಲ. ನಾನೂ ಬರತೀನಿ, ಟ್ಯಾಕ್ಸಿ ಕರಿ.”

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ನನ್ನ ಬುದ್ಧಿ ಅಂಥದ್ದು. ನನ್ನ ಮಗಳ ಉಪಯೋಗಕ್ಕೆ ಬರಲಿಲ್ಲ, ಮೇಲಿನ ಮನೆಯ ಕೂಸಿಗಾದರೂ ಬಂತು. ವೈಭವ್‌ಗೂ ಹುಟ್ಟಿನಿಂದಲೇ ಪೊರೆ ಇತ್ತು. ಆ ವಾರವೇ ಒಂದು ಕಣ್ಣಿನ, ಮುಂದಿನ ವಾರ ಇನ್ನೊಂದು ಕಣ್ಣಿನ ಆಪರೇಷನ್ ಆಯಿತು. “ಸಮಯಕ್ಕೆ ಬಂದಿರಿ” ಎಂದು ಡಾಕ್ಟರು ನಿತ್ಯಾನಂದನ ಬೆನ್ನು ತಟ್ಟಿದರು. ನನಗೆ ಆ ಮಾತನ್ನು ಯಾರೂ ಹೇಳಿರಲಿಲ್ಲ. ಹೊಟ್ಟೆಕಿಚ್ಚಾಯಿತು. ಸುಳ್ಳು ಯಾಕೆ ಹೇಳಲಿ?

ಮೊನ್ನೆ ವೈಭವ್‌ನ ಮೊದಲ ಹುಟ್ಟುಹಬ್ಬ. ಇಳಕಲ್ ಸೀರೆಯ ಮೇಲೆ ಪಾಯಸ ಚೆಲ್ಲಿ, ಒಳಗೆ ಹೋಗಿ ಗುಲಾಬಿಯ ನೀಲಿ ಸೀರೆ ಉಟ್ಟು ಬಂದೆ. ಎಲಾಸ್ಟಿಕ್ ಕಟ್ಟಿದ ದಪ್ಪ ಕನ್ನಡಕದೊಳಗಿಂದ ವೈಭವ್ ದೂರದಿಂದಲೇ ನನ್ನನ್ನು ನೋಡಿದ. ನಾನು ತುಟಿ ಬಿಚ್ಚಿರಲಿಲ್ಲ. ಎರಡೂ ಕೈ ಚಾಚಿ ಬಾ ಅಂದ.

ಅವನನ್ನು ಎತ್ತಿಕೊಂಡು ನಿಂತಿದ್ದೆ. ಶ್ರೀರಕ್ಷಾ ಜನರ ನಡುವೆ ದಾರಿ ಮಾಡಿಕೊಂಡು ನನ್ನ ಮುಂದೆಯೇ ಬಂದು ನಿಂತಳು. ಮುಖವೆತ್ತಿ ನೋಡಿದಳು.

“ಆಂಟಿ, ನಮ್ಮ ಅಮ್ಮನ್ನ ನೋಡಿದ್ರಾ? ಗ್ರೀನ್ ಸೀರೆ.”

ತಾಯಂದಿರೇ, ನಿಮ್ಮ ಮನೆಯಲ್ಲಿ ಹಸುಗೂಸು ಇದ್ದರೆ ಇವತ್ತೇ ಬಳೆ ತೆಗೆದಿಟ್ಟು, ಬಾಯಿ ಮುಚ್ಚಿಕೊಂಡು, ಅದರ ಮುಂದೆ ಮುಖ ಹಿಡಿಯಿರಿ. ಎರಡು ತಿಂಗಳು ದಾಟಿದ ಕೂಸು ನಿಮ್ಮ ಮುಖ ನೋಡದಿದ್ದರೆ, ಬೆಳಕಿಗೆ ಮಾತ್ರ ನಗುತ್ತಿದ್ದರೆ ನಾಳೆ ಅನ್ನಬೇಡಿ. ಕಣ್ಣಿನ ನಡುವೆ ಬಿಳಿ ಕಂಡರೆ ತಿಂಗಳು ಎಣಿಸುತ್ತ ಕೂರಬೇಡಿ, ಆ ದಿನವೇ ಕಣ್ಣಿನ ಡಾಕ್ಟರ ಹತ್ತಿರ ಓಡಿ. ಲಸಿಕೆ ಹಾಕಿಸಲು ಹೋದಾಗ ‘ಕಣ್ಣನ್ನೂ ನೋಡಿ’ ಎಂದು ಬಾಯಿಬಿಟ್ಟು ಕೇಳಿ. ಅತ್ತೆ ಬೈದರೆ ಬೈಯಲಿ. ಕೂಸಿನ ಮುಂದಿನಿಂದ ನನ್ನ ಹಾಗೆ ಸರಿದು ನಿಲ್ಲಬೇಡಿ.