ದುಲ್ಫೋ ಬಡಿದ ಮಧ್ಯಾಹ್ನ

ಮನಾಂಗ್ ಎಮೆಂಗಳನ್ನು ಒಂದು ಮಾತು ಕೇಳದೆ ನಮ್ಮ ಬೀದಿಯಲ್ಲಿ ಯಾರೂ ಕಾದಂಬರಿ ಒಯ್ಯುತ್ತಿರಲಿಲ್ಲ. ಫಿಲಿಪೀನ್ಸಿನ ಗುಡ್ಡದೂರು ಬಾಗಿಯೊದಲ್ಲಿ, ಮಾರುಕಟ್ಟೆಯ ಹಿಂದಿನ ಏರಿನಲ್ಲಿ, ರಸ್ತೆಗೆ ಅಂಟಿಕೊಂಡ ಬೆನಿಡಾಳ ವಠಾರದ ಮುಂಜಗಲಿಯಲ್ಲಿ ಅವಳ ಎರಡು ಕಪಾಟುಗಳಿದ್ದವು. ಒಂದರಲ್ಲಿ ಅಂಗೈಯಗಲದ, ತಗಾಲೋಗ್ ಭಾಷೆಯ ಪ್ರೇಮಕಾದಂಬರಿಗಳು. ಇನ್ನೊಂದರಲ್ಲಿ ಹಳೆ ಪುಸ್ತಕದಂಗಡಿಯಿಂದ ಹೊತ್ತು ತಂದ ಅಮೆರಿಕದ ಪತ್ತೇದಾರಿ ಕಾದಂಬರಿಗಳು. ಪೊಲೀಸರಿಗಿಂತ ಮೊದಲೇ ಬೇಕರಿಯಾಕೆಯೋ ಹೂವಿನಂಗಡಿಯಾಕೆಯೋ ಕೊಲೆಗಾರನನ್ನು ಹಿಡಿಯುವ, ರಕ್ತ ಎಲ್ಲೂ ಕಾಣದ, ಬೆಕ್ಕು ಎಲ್ಲೆಲ್ಲೂ ಕಾಣುವ ಜಾತಿಯವು.

ಬಾಡಿಗೆಗೆ ಕೊಡುವ ಮುಂಚೆ ಪ್ರತಿ ಪುಸ್ತಕದ ಬಗ್ಗೆಯೂ ಅವಳದೊಂದು ತೀರ್ಪು ಇರುತ್ತಿತ್ತು. "ಇದನ್ನ ಓದಬೇಡ, ಹುಡುಗಿ ಬರೀ ಅಳ್ತಾಳೆ. ಅಳೋದಕ್ಕೆ ನಮಗೆ ಪುಸ್ತಕ ಬೇಕಾ?" "ಇದರಲ್ಲಿ ಹೀರೋ ಪಾತ್ರೆ ತೊಳೀತಾನೆ. ಸುಳ್ಳೇ ಇರಬಹುದು, ಓದೋಕೆ ಹಿತ." ಪತ್ತೇದಾರಿ ಪುಸ್ತಕಗಳ ವಿಷಯದಲ್ಲಂತೂ ಅವಳು ಕಟ್ಟುನಿಟ್ಟು. "ಸಾಯೋನು ಯಾರಿಗೂ ಬೇಡದವನಾಗಿರಬೇಕು. ಸತ್ತವನಿಗೆ ಅಳೋರಿದ್ದರೆ ಮಜಾ ಕೆಟ್ಟುಹೋಗುತ್ತೆ. ಅಂಥದ್ದನ್ನ ನಾನು ಕಪಾಟಿಗೆ ಸೇರಿಸಲ್ಲ" ಅನ್ನುತ್ತಿದ್ದಳು.

ಅರವತ್ತು ದಾಟಿದ, ಮದುವೆಯಾಗದ ಹೆಂಗಸು. ಚೂಪು ಮಾತು, ಮೆತ್ತಗಿನ ಮನಸ್ಸು. ಊರಿಗೆಲ್ಲ ಅಕ್ಕ, ಅಂದರೆ ಮನಾಂಗ್. ಗಂಡಸಾದರೆ ಮನೋಂಗ್, ಅಣ್ಣ.

ವಠಾರವಿದ್ದದ್ದು ಇಳಿಜಾರಿನಲ್ಲಿ. ರಸ್ತೆಯ ಮಟ್ಟಕ್ಕೆ ಇರುವುದೇ ಮೇಲಿನ ಮಹಡಿ. ಅಲ್ಲಿ ಮನೆಯೊಡತಿ ಬೆನಿಡಾ. ಒಂದು ಮಹಡಿ ಇಳಿದರೆ ಎಮೆಂಗಳ ಕೋಣೆ, ಪಕ್ಕದಲ್ಲಿ ಬ್ಯೂಟಿ ಪಾರ್ಲರ್ ಹುಡುಗಿ ಜೋವೆಲಿನ್. ಇನ್ನೂ ಇಳಿದರೆ, ಮಣ್ಣಿಗೆ ಬೆನ್ನು ಕೊಟ್ಟ ಒಂದೇ ಒಂದು ಕೋಣೆ. ಅಲ್ಲಿ ಮುದುಕ ದುಲ್ಫೋ ಇದ್ದ. ಮೊದಲು ಚಿನ್ನದ ಗಣಿಯಲ್ಲಿ ಕೆಲಸ ಮಾಡಿದವನು. ಸದಾ ಕೆಮ್ಮು, ಸದಾ ಸಿಟ್ಟು. ಬೆಕ್ಕುಗಳ ಮೇಲೆ ನೀರು ಎರಚುತ್ತಿದ್ದ. ಜೋವೆಲಿನ್ ಹಾಡು ಹಾಕಿದರೆ, ಎಮೆಂಗಳ ತೂಗುಕುರ್ಚಿ ಕಿರುಗುಟ್ಟಿದರೆ, ಕೋಲಿನಿಂದ ತನ್ನ ಛಾವಣಿಯನ್ನು ದಡದಡ ಬಡಿಯುತ್ತಿದ್ದ.

ಒಮ್ಮೆ ಜಗಲಿಯಲ್ಲಿ ನಿಂತು ಅವಳ ಕಪಾಟು ನೋಡಿ, "ಏನಿದು, ಹೆಣದ ಪಕ್ಕದಲ್ಲಿ ಕೂತು ಕೇಕ್ ತಿನ್ನೋ ಕತೆಗಳು!" ಅಂದಿದ್ದ.

"ನೀವು ತಿನ್ನಬೇಡಿ ಮನೋಂಗ್, ಹಲ್ಲಿಲ್ಲವಲ್ಲ" ಎಂದು ಎಮೆಂಗ್ ತಿರುಗೇಟು ಕೊಟ್ಟಿದ್ದಳು. ಅವನು ಹೋದ ಮೇಲೆ ಜೋವೆಲಿನ್ ಕಡೆ ತಿರುಗಿ, "ನಮ್ಮ ವಠಾರ ಒಂದು ಪುಸ್ತಕ ಆಗಿದ್ದಿದ್ದರೆ ಮೊದಲನೇ ಅಧ್ಯಾಯದಲ್ಲೇ ಮುದುಕ ಔಟ್ ಆಗ್ತಿದ್ದ ನೋಡು" ಅಂದಳು. ಇಬ್ಬರೂ ನಕ್ಕರು. ಆ ನಗು ಕೆಳಗೆ ಕೇಳಿಸಿರಬೇಕು. ಕೋಲಿನ ಬಡಿತ ಶುರುವಾಯಿತು.

ನವೆಂಬರಿನ ಒಂದು ಬೆಳಿಗ್ಗೆ ನೀರಿನ ವಾಲ್ವ್ ತಿರುಗಿಸಲು ಕೆಳಗಿಳಿದ ಬೆನಿಡಾ ಕೂಗಿಕೊಂಡಳು. ದುಲ್ಫೋ ತನ್ನ ಕೋಣೆಯ ನೆಲದ ಮೇಲೆ, ಗೋಡೆಯ ಬುಡದಲ್ಲಿ ಸತ್ತು ಬಿದ್ದಿದ್ದ. ಹಣೆಯಲ್ಲಿ ಗಾಯ. ಯಾವಾಗಲೂ ಒಳಗಿನಿಂದ ಚಿಲಕ ಹಾಕಿರುತ್ತಿದ್ದ ಬಾಗಿಲು ಅಂದು ತೆರೆದಿತ್ತು.

ಪೊಲೀಸಿನವನು ಬಂದು ನೋಡಿ, ಕಾಲು ಜಾರಿ ಬಿದ್ದಿದ್ದಾನೆ ಎಂದು ಹೇಳಿ ಹೋದ. ಸೊಂಟ ಮುರಿದಿತ್ತು, ಚಳಿಗೆ ಹೃದಯ ನಿಂತಿತ್ತು. ಜೋವೆಲಿನ್‌ಗೆ ಅಷ್ಟು ಸಾಕಾಗಲಿಲ್ಲ.

"ಮನಾಂಗ್, ಥೇಟ್ ನಿಮ್ಮ ಪುಸ್ತಕವೇ! ಹಣೆಗೆ ಗಾಯ, ತೆರೆದ ಬಾಗಿಲು, ಯಾರಿಗೂ ಬೇಡದ ಮುದುಕ. ಯಾರೋ ಒಳಗೆ ಹೋಗಿದ್ದಾರೆ. ನೀವು ಕಂಡುಹಿಡೀದೆ ಇನ್ಯಾರು ಹಿಡೀತಾರೆ?"

"ಹೋಗೇ, ಹುಚ್ಚು ಹುಡುಗಿ" ಅಂದಳು ಎಮೆಂಗ್. ಆದರೆ ಅವಳ ಕಣ್ಣು ಹೊಳೆಯಿತು. ಇಷ್ಟು ವರ್ಷ ಬೇರೆಯವರು ಬಿಡಿಸಿದ ಗಂಟುಗಳನ್ನು ಓದಿದ್ದವಳಿಗೆ ತನ್ನ ಕೈಗೇ ಒಂದು ಗಂಟು ಸಿಕ್ಕಿತ್ತು.

ಶವಪೆಟ್ಟಿಗೆಯನ್ನು ಬೆನಿಡಾಳ ಹಜಾರದಲ್ಲಿ ಇಟ್ಟರು. ಮೇಣದಬತ್ತಿ, ಕಾಫಿ, ಬಿಸ್ಕತ್ತು, ಮೂಲೆಯಲ್ಲಿ ಇಸ್ಪೀಟು. ಬಂದವರು ದುಲ್ಫೋನ ಮುಖ ನೋಡಿ, ಇಸ್ಪೀಟಿನ ಕಡೆ ಹೋಗುತ್ತಿದ್ದರು. ಅಳಲು ಯಾರೂ ಇರಲಿಲ್ಲ. ಸಾವಿನ ಮನೆಯಿಂದ ಹೊರಟವರು ನೇರವಾಗಿ ತಮ್ಮ ಮನೆಗೆ ಹೋಗಬಾರದು, ನಡುವೆ ಎಲ್ಲಾದರೂ ನಿಂತು ಹೋಗಬೇಕು. ಇಲ್ಲದಿದ್ದರೆ ಸತ್ತವನು ಬೆನ್ನ ಹಿಂದೆ ಬರುತ್ತಾನೆ. ಹೊರಗಿನಿಂದ ಬಂದವರೆಲ್ಲ ಮಾರುಕಟ್ಟೆಯ ಬನ್ನಿನಂಗಡಿಯಲ್ಲಿ ನಿಂತು, ಅವನನ್ನು ಅಲ್ಲೇ ಕೊಡವಿ ಹೋದರು. ವಠಾರದವರು ಎಲ್ಲಿ ನಿಲ್ಲಬೇಕು? ಸಾವಿನ ಮನೆಯೂ ಅದೇ, ಅವರ ಮನೆಯೂ ಅದೇ.

ಮೂರನೆಯ ದಿನ ಗಣಿ ಸೀಮೆಯಿಂದ ದುಲ್ಫೋನ ತಂಗಿಯ ಮಗಳು ಮಿಲ್ಡ್ರೆಡ್ ಬಂದಳು. ನಲವತ್ತರ ಆಸುಪಾಸಿನ, ಮಾತು ಕಡಿಮೆಯ ಹೆಂಗಸು. ಪೆಟ್ಟಿಗೆಯ ಪಕ್ಕ ಕೂತಳು; ಹೂಳುವವರೆಗೂ ಅಲ್ಲಿಂದ ಹೆಚ್ಚು ಏಳಲಿಲ್ಲ. ಆಮೇಲೆ ಒಂಬತ್ತು ದಿನದ ಪ್ರಾರ್ಥನೆ ಮುಗಿಯುವವರೆಗೆ ಬೆನಿಡಾಳ ಮನೆಯಲ್ಲೇ ಉಳಿದಳು.

ಎಮೆಂಗ್ ಕೆಲಸ ಶುರುಮಾಡಿದ್ದಳು. ಪುಸ್ತಕದ ಹೆಂಗಸರು ಮಾಡುವಂತೆಯೇ, ಶುಂಠಿ ಕಷಾಯದ ಲೋಟ ಹಿಡಿದು ಒಬ್ಬೊಬ್ಬರ ಪಕ್ಕ ಕೂತು, ಏನೂ ಕೇಳದವಳಂತೆ ಕೇಳಿದಳು. ಅವನ ಹೆಣ ಸಿಕ್ಕಿದ್ದರ ಹಿಂದಿನ ದಿನ ಎಲ್ಲಿದ್ದೆ? ಏನು ನೋಡಿದೆ? ಏನು ಕೇಳಿಸಿತು?

"ಏನು ಕೇಳಿಸೋದು? ಅದೇ ಮುದುಕನ ಬಡಿತ" ಅಂದಳು ಬೆನಿಡಾ. "ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಪೈಪು ಟಣ್ ಟಣ್ ಅಂತಿತ್ತು. ಇವನಿಗೆ ಇವತ್ತು ಛಾವಣಿ ಸಾಲದೆ ಪೈಪಿಗೂ ಬಡೀತಿದಾನೆ ಅಂದ್ಕೊಂಡೆ."

"ಸಂಜೆ ದೀಪ ಹಾಕೋ ಹೊತ್ತಿಗೆ" ಅಂದಳು ಜೋವೆಲಿನ್. "ನನ್ನ ಕೋಣೆಗೇ ಬಂದಿದ್ದ ಗಿರಾಕಿಗೆ ತಲೆ ತೊಳೀತಿದ್ದೆ. ಸಿಂಕಿನ ಪೈಪಲ್ಲಿ ಸಣ್ಣಗೆ ಬರ್ತಿತ್ತು. ನಾನು ಹಾಡು ಜೋರು ಮಾಡಿದೆ ನೋಡಿ, ಅವನಿಗೆ ಉರೀಲಿ ಅಂತ!" ಹೇಳುತ್ತ ನಕ್ಕಳು. ಎಮೆಂಗ್ ನಗಲಿಲ್ಲ.

ಅವಳಿಗೂ ಕೇಳಿಸಿತ್ತು. ಬೆನಿಡಾ ಹೇಳಿದ ಹೊತ್ತಿಗೂ ಜೋವೆಲಿನ್ ಹೇಳಿದ ಹೊತ್ತಿಗೂ ನಡುವೆ. ಕಿಟಕಿಗೆ ಮಂಜು ಮುತ್ತಿತ್ತು. ಕಾಲ ಮೇಲೆ ಕಂಬಳಿ, ಕೈಯಲ್ಲಿ ಪುಸ್ತಕ. ಬೇಕರಿಯಾಕೆ ಎಲ್ಲರನ್ನೂ ಒಟ್ಟು ಸೇರಿಸಿ ಕೊಲೆಗಾರನ ಹೆಸರು ಹೇಳಬೇಕು, ಅಷ್ಟರಲ್ಲಿ ಪೈಪು ಟಣ್ ಎಂದಿತು. ಟಣ್ ಟಣ್ ಟಣ್. ನಿಂತಿತು. ಮತ್ತೆ ಮೂರು ಸಲ. ಎಂದಿನ ದಡದಡವಲ್ಲ ಅದು. ಯಾರೋ ಎಣಿಸಿ ಎಣಿಸಿ ಬಡಿಯುತ್ತಿರುವಂತೆ ಇತ್ತು. ಅದು ಅವಳ ಗಮನಕ್ಕೂ ಬಂದಿತ್ತು. ಬಂದೂ ಹಾಳೆ ತಿರುಗಿಸಿದ್ದಳು.

ಅವರಿಬ್ಬರ ಮಾತು ಕೇಳಿದ ಸಂಜೆ ಪ್ರಾರ್ಥನೆಯ ನಡುವೆ ಎದ್ದು, ಎಮೆಂಗ್ ಒಬ್ಬಳೇ ಕೆಳಗಿನ ಕೋಣೆಗೆ ಇಳಿದಳು. ಹಾಸಿಗೆಯ ಪಕ್ಕ ಕೋಲು ಗೋಡೆಗೆ ಒರಗಿಸಿದಂತೆಯೇ ಇತ್ತು, ಬಿದ್ದವನ ಕೈಗೆ ಎಟುಕದಷ್ಟು ದೂರ. ಗೋಡೆಯ ಬುಡದಲ್ಲಿ ನೀರಿನ ಪೈಪು. ಅದರ ಮೇಲೆ ಹೊಸ ತರಚು ಗುರುತುಗಳು. ಮಂಚದಡಿಗೆ ಉರುಳಿದ ಎನಾಮಲ್ ಲೋಟದ ಅಂಚು ಚಕ್ಕೆ ಎದ್ದಿತ್ತು. ಅವಳು ಅಲ್ಲೇ, ನೆಲದ ಮೇಲೆ, ಬಹಳ ಹೊತ್ತು ಕೂತಳು.

ಒಂಬತ್ತನೆಯ ದಿನದ ಪ್ರಾರ್ಥನೆ ಮುಗಿದು ಎಲ್ಲರೂ ಪಾನ್ಸಿತ್ ಶ್ಯಾವಿಗೆಯ ತಟ್ಟೆ ಹಿಡಿದು ಕೂತಿದ್ದರು. ಜೋವೆಲಿನ್‌ಗೆ ತಡೆಯಲಾಗಲಿಲ್ಲ.

"ಮನಾಂಗ್, ಎಲ್ಲರೂ ಇದ್ದಾರೆ. ಪುಸ್ತಕದಲ್ಲಿ ಹೀಗೇ ಅಲ್ವಾ? ಹೇಳಿಬಿಡಿ, ಒಳಗೆ ಹೋದವರು ಯಾರು?"

"ಯಾರೂ ಹೋಗಲಿಲ್ಲ" ಅಂದಳು ಎಮೆಂಗ್.

"ಅಂದ್ರೆ?"

"ಯಾರೂ ಒಳಗೆ ಹೋಗಲಿಲ್ಲ ಅಂತ. ಹಿಂದಿನ ದಿನ ಬೆಳಿಗ್ಗೆಯೇ ಬಿದ್ದಿದ್ದಾನೆ. ಕೋಲು ಕೈಗೆ ಸಿಗಲಿಲ್ಲ. ತೆವಳಿ ಹೋಗಿ ಬಾಗಿಲು ತೆಗೆದಿದ್ದಾನೆ. ಮೆಟ್ಟಿಲು ಹತ್ತೋಕಾಗಲಿಲ್ಲ. ವಾಪಸು ತೆವಳಿ ಪೈಪಿನ ಹತ್ತಿರ ಹೋಗಿದ್ದಾನೆ. ಬೆನಿಡಾ, ನೀನು ಊಟಕ್ಕೆ ಕೂತಾಗ ಬಡೀತಿದ್ದ. ನಾನು ಓದ್ತಿದ್ದಾಗ ಬಡೀತಿದ್ದ. ದೀಪ ಹಾಕೋ ಹೊತ್ತಿಗೆ, ಜೋವೆಲಿನ್, ಕೈ ಸೋತು ಸಣ್ಣಗೆ ಬಡೀತಿದ್ದ. ಬಾಗಿಲು ತೆರೆದೇ ಇತ್ತು. ಯಾರು ಬೇಕಾದರೂ ಹೋಗಬಹುದಿತ್ತು."

"ಇದನ್ನ ಹೇಳು ಅಂತ ನಿನ್ನ ಯಾರು ಕೇಳಿದ್ರು?" ಬೆನಿಡಾ ಬಡಿಸುವ ಸೌಟು ಕೆಳಗಿಟ್ಟಳು. "ಪ್ರಾರ್ಥನೆ ಮುಗಿಸಿದ್ದೀವಿ. ಅವನು ಶಾಂತಿಯಿಂದ ಹೋಗಲಿ ಅಂತ ಅನ್ನ ಹಾಕ್ತಿದ್ದೀನಿ. ದಿನಾ ಬಡೀತಿದ್ದವನು ಅವತ್ತೊಂದು ದಿನ ಬಡಿದರೆ ಯಾರಿಗೆ ಗೊತ್ತಾಗುತ್ತೆ? ನನಗೆ ಗೊತ್ತಾಗಲಿಲ್ಲ. ಗೊತ್ತಾಗಲಿಲ್ಲ ಅಷ್ಟೆ!"

ಜೋವೆಲಿನ್ ತಟ್ಟೆ ಕೆಳಗಿಟ್ಟು ಅಳತೊಡಗಿದಳು. ಆಗ ಮೂಲೆಯಿಂದ ಮಿಲ್ಡ್ರೆಡ್ ಮೊದಲ ಸಲ ಬಾಯಿಬಿಟ್ಟಳು.

"ಹೇಗೆ ಬಡೀತಿದ್ರು?"

"ಏನು?"

"ಅಂಕಲ್ ಹೇಗೆ ಬಡೀತಿದ್ರು? ತೋರಿಸಿ."

ಎಮೆಂಗ್ ಚಮಚ ತೆಗೆದುಕೊಂಡು ಮೇಜಿನ ಕಾಲಿಗೆ ಬಡಿದಳು. ಮೂರು. ಬಿಡುವು. ಮೂರು. ಅವಳ ಕೈ ತಪ್ಪಲಿಲ್ಲ. ಆ ಲಯ ಅಷ್ಟು ಚೆನ್ನಾಗಿ ಒಳಗೆ ಇಳಿದಿತ್ತು.

ಮಿಲ್ಡ್ರೆಡ್ ತಲೆಯಾಡಿಸಿದಳು. "ಅದು ಗಣಿಯವರದು. ಒಳಗೆ ಮಣ್ಣು ಕುಸಿದಾಗ ಸಿಕ್ಕಿಬಿದ್ದವರು ಪೈಪಿಗೆ ಹೀಗೆ ಬಡೀತಾರೆ. ಜೀವ ಇದೆ, ಇಲ್ಲಿದ್ದೀವಿ ಅಂತ. ನಮ್ಮ ಕಡೆ ಮಕ್ಕಳಿಗೂ ಗೊತ್ತು." ಎಮೆಂಗಳ ಕೈಯ ಚಮಚ ನೋಡುತ್ತ ಹೇಳಿದಳು: "ಅಂಕಲ್ ಒಂದು ಸಲ ಹಾಗೆ ಒಳಗೆ ಸಿಕ್ಕಿಬಿದ್ದಿದ್ರು. ಆವಾಗ ಮೇಲಿನವರಿಗೆ ಕೇಳಿಸಿತ್ತು. ಕೇಳಿಸಿದ ಮೇಲೆ ಮೇಲಿನವರು ಎರಡು ಸಲ ಬಡೀಬೇಕು, ಬರ್ತಿದ್ದೀವಿ ಅಂತ. ಇಲ್ಲದಿದ್ದರೆ ಒಳಗಿನವರು ನಿಲ್ಲಿಸಲ್ಲ."

ಅವಳು ಎದ್ದು, ಚಮಚವನ್ನು ಎಮೆಂಗಳ ಕೈಯಿಂದ ತೆಗೆದುಕೊಂಡು ಮೆಟ್ಟಿಲಿಳಿದು ಹೋದಳು. ಕೆಳಗೆ ಬಾಗಿಲು ತೆರೆದ ಸದ್ದು. ಆಮೇಲೆ, ವಠಾರದ ಉದ್ದಕ್ಕೂ, ಗೋಡೆಯೊಳಗಿಂದ: ಟಣ್. ಟಣ್.

ಮರುದಿನ ಬೆಳಗಿನ ಬಸ್ಸಿಗೆ ಅವಳು ಊರಿಗೆ ಹೊರಟುಹೋದಳು. ಯಾರನ್ನೂ ಬೈಯಲಿಲ್ಲ, ಪರವಾಗಿಲ್ಲ ಎಂದೂ ಯಾರಿಗೂ ಹೇಳಲಿಲ್ಲ.

ಒಂದು ವಾರ ಕಳೆದಿರಬಹುದು. ಮಂಜು ಇಳಿದ ಮಧ್ಯಾಹ್ನ ಎಮೆಂಗ್ ಓದುತ್ತ ಕೂತಿದ್ದಾಗ ಮತ್ತೆ ಕೇಳಿಸಿತು. ಮೂರು, ಬಿಡುವು, ಮೂರು. ಅವಳು ಪುಸ್ತಕ ಎಸೆದು ಬರಿಗಾಲಲ್ಲಿ ಓಡಿದಳು. ಖಾಲಿ ಕೋಣೆ. ಸುಣ್ಣ ಹೊಡೆದ ಗೋಡೆ. ಪೈಪು ಮುಟ್ಟಿದರೆ ಹಿಮದಷ್ಟು ತಣ್ಣಗಿತ್ತು.

"ಹಳೆ ಪೈಪು, ಗಾಳಿ ಹೊಕ್ಕರೆ ಹಾಗೆ ಸದ್ದು ಬರುತ್ತೆ" ಅಂದಳು ಬೆನಿಡಾ, ಮುಖ ತಿರುಗಿಸಿ. ಮುಂದಿನ ತಿಂಗಳೇ ಪ್ಲಂಬರನ್ನು ಕರೆಸಿ ಕಬ್ಬಿಣದ ಪೈಪು ಕೀಳಿಸಿ, ಪ್ಲಾಸ್ಟಿಕ್ಕಿನದು ಹಾಕಿಸಿದಳು. ಪ್ಲಾಸ್ಟಿಕ್ಕು ಟಣ್ ಅನ್ನುವುದಿಲ್ಲ. ಆದರೂ ಎಮೆಂಗಳಿಗೆ ಕೇಳಿಸುವುದು ನಿಲ್ಲಲಿಲ್ಲ. ದಿನವೂ ಅಲ್ಲ. ಮಂಜು ಕಟ್ಟಿದ ದಿನ, ಪುಸ್ತಕದಲ್ಲಿ ಎಲ್ಲರೂ ಒಂದು ಕೋಣೆಗೆ ಸೇರುವ ಹೊತ್ತಿಗೆ.

ಜೋವೆಲಿನ್ ಬೇರೆ ಕಡೆ ಕೋಣೆ ಹಿಡಿದಳು. ದುಲ್ಫೋನ ಕೋಣೆಗೆ ಬಂದ ಕಾಲೇಜು ವಿದ್ಯಾರ್ಥಿಗಳಿಬ್ಬರು ತಿಂಗಳು ತುಂಬುವ ಮೊದಲೇ ಕಾರಣ ಹೇಳದೆ ಹೊರಟುಹೋದರು. ಆಮೇಲೆ ಬೆನಿಡಾ ಅದಕ್ಕೆ ಬೀಗ ಹಾಕಲಿಲ್ಲ, ಎಮೆಂಗ್ ಬೇಡವೆಂದಿದ್ದಳು.

ಎಮೆಂಗ್ ಪತ್ತೇದಾರಿ ಕಪಾಟನ್ನು ಖಾಲಿ ಮಾಡಲಿಲ್ಲ, ಆದರೆ ಅವಳ ತೀರ್ಪು ಬದಲಾಯಿತು. ಯಾರಾದರೂ ಪುಸ್ತಕ ವಾಪಸು ತಂದು "ಬಹಳ ಚೆನ್ನಾಗಿತ್ತು ಮನಾಂಗ್" ಅಂದರೆ, "ಸತ್ತವನ ಹೆಸರೇನು?" ಎಂದು ಕೇಳುತ್ತಿದ್ದಳು. ಹೆಚ್ಚಿನವರಿಗೆ ನೆನಪಿರುತ್ತಿರಲಿಲ್ಲ. ಕೆಲವರು ನಕ್ಕರು, ಕೆಲವರು ಬರುವುದನ್ನೇ ಬಿಟ್ಟರು. ನನ್ನನ್ನೂ ಒಮ್ಮೆ ಕೇಳಿದ್ದಾಳೆ, ನಾನು ತಡವರಿಸಿದೆ. "ಹೋಗಲಿ, ಪ್ರೇಮಕಥೆ ಒಯ್ಯಿ" ಅಂದಳು. "ಅದೂ ಸುಳ್ಳೇ. ಆದರೆ ಅಲ್ಲಿ ಕರೆದರೆ ಯಾರಾದರೂ ಬಂದೇ ಬರ್ತಾರೆ."

ಕೇಳಿಸಿದಾಗೆಲ್ಲ ಅವಳು ಕೆಳಗಿಳಿಯುತ್ತಿದ್ದಳು. ಬಾಗಿಲು ತೆಗೆದು, ಒಳಗೆ ನಿಂತು ನೋಡಿ, ಮತ್ತೆ ಹತ್ತಿ ಬರುತ್ತಿದ್ದಳು. ಬೆನಿಡಾ ಮೇಲಿನಿಂದ ಬೈಯುತ್ತಿದ್ದಳು: "ಎಷ್ಟು ಸಲ ಇಳಿಯೋದು ಮಾರಾಯ್ತಿ? ಪಾಚಿ ಕಟ್ಟಿದೆ, ಜಾರಿ ನೀನೂ ಬೀಳ್ತೀಯ. ಅಲ್ಲಿ ಏನಿದೆ? ಏನೂ ಇಲ್ಲ, ನನಗೇನೂ ಕೇಳಿಸಲ್ಲ."

"ನಿನಗೆ ಕೇಳಿಸದಿದ್ದರೆ ಸರಿ" ಎನ್ನುತ್ತಿದ್ದಳು ಎಮೆಂಗ್.

ಈ ಫೆಬ್ರವರಿಯಲ್ಲಿ ಅವಳಿಗೆ ಜ್ವರ ಬಂತು. ಬೆನಿಡಾ ಗಂಜಿ ತಂದು ಹಾಸಿಗೆಯ ಪಕ್ಕ ಕೂತಿದ್ದಳು. ಹೊರಗೆ ಕಿಟಕಿ ಬಿಳಿಚಿತ್ತು. ಎದುರಿನ ಪೈನ್ ಮರ ಕಾಣುತ್ತಿರಲಿಲ್ಲ. ಎಮೆಂಗ್ ತುತ್ತು ನುಂಗುವುದನ್ನು ನಿಲ್ಲಿಸಿ ತಲೆಯೆತ್ತಿದಳು. ಕಂಬಳಿ ಸರಿಸಿ ಕಾಲು ಕೆಳಗೆ ಬಿಟ್ಟಳು.

ಅವಳು ಒಂದು ಮಾತೂ ಆಡಿರಲಿಲ್ಲ. ಬೆನಿಡಾ ಅವಳ ಭುಜ ಹಿಡಿದು ಮೆಲ್ಲಗೆ ಹಿಂದಕ್ಕೆ ಒರಗಿಸಿದಳು.

"ನೀನು ಮಲಗಿರು. ಇವತ್ತು ನಾನು ಹೋಗಿ ನೋಡ್ಕೊಂಡು ಬರ್ತೀನಿ."

ಮಂಡಿ ನೋವಿನ ಹೆಂಗಸು, ಗೋಡೆ ಹಿಡಿದುಕೊಂಡು ಇಳಿದಳು. ಎಮೆಂಗ್ ಕಣ್ಣು ಮುಚ್ಚಿ ಆ ಹೆಜ್ಜೆಗಳನ್ನೇ ಕೇಳುತ್ತ ಮಲಗಿದಳು. ಕೆಳಗೆ ಬಾಗಿಲು ಕಿರುಗುಟ್ಟಿತು. ಬೆನಿಡಾ ಯಾರೊಡನೆಯೋ ತಗ್ಗಿದ ದನಿಯಲ್ಲಿ ಏನೋ ಹೇಳಿದಳು. ಅವಳು ಮೇಲೆ ಬರಲು ಬಹಳ ಹೊತ್ತು ಹಿಡಿಯಿತು.